ಮೊದಲು ಔಷಧ, ಅನಂತರ ಶಸ್ತ್ರ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಪ್ರಯಾಣ ಮಾಡಿದವರೆಲ್ಲರೂ ದಾಬಸ್‌ಪೇಟೆಯನ್ನು ಬಲ್ಲರು. ಶಿವಗಂಗೆಯ ಬೆಟ್ಟಕ್ಕೆ ಹೋಗುವ ಯಾತ್ರಿಕರು ಹೆದ್ದಾರಿಯನ್ನು ಬಿಟ್ಟು ತಿರುಗುವುದು ಇಲ್ಲಿಯೇ. ಈ ಊರಿನ ಗೃಹಿಣಿಯೊಬ್ಬರು ಸ್ನಾನ ಮಾಡುವಾಗ ತಮ್ಮ ಸ್ತನದಲ್ಲಿ ನೆಲ್ಲಿಕಾಯಿಯಷ್ಟು ದಪ್ಪನೆಯ ಗಂಟೊಂದನ್ನು ಕಂಡರೆಂದು ಭಾವಿಸೋಣ. ನೋವಿಲ್ಲ, ಆದುದರಿಂದ ಅಂಜಿಕೆಯೂ ಇಲ್ಲ. ಮಗಳ ಒತ್ತಾಯಕ್ಕೆ ಬೆಂಗಳೂರಿಗೆ ಬಂದು ತೋರಿಸಿದಾಗ ಅದು ಕ್ಯಾನ್ಸರ್, ಅಂದರೆ ನಮ್ಮ ಹಿರಿಯರು ಏಡಿಗಂತಿ ಎನ್ನುತ್ತಿದ್ದ ರೋಗವೆಂದು ತಿಳಿಯಿತು. ಪುಣ್ಯಕ್ಕೆ ಅದು ಬೇರೆ ಅಂಗಗಳಿಗೆ ಹರಡಿರಲಿಲ್ಲ. ಗಂಟನ್ನು ಕೂಡಲೆ ಕೊಯ್ದು ತೆಗೆಯುವರೆಂದು ಮನೆಯವರು ಎಣಿಸಿದ್ದರೆ, ವೈದ್ಯರು “ಮೊದಲು ಕೆಲವು ತಿಂಗಳು ಔಷಧ, ಅನಂತರ ಶಸ್ತ್ರಚಿಕಿತ್ಸೆ” ಎಂದರು. ಇದು ಕಾಲಹರಣವಲ್ಲವೆ? ಅಲ್ಲವೆಂಬುದನ್ನು ವಾಚಕರಿಗೆ ವಿವರಿಸುವುದೇ ನಮ್ಮ ಉದ್ದೇಶ.

ಸ್ತನದ ಕ್ಯಾನ್ಸರುಗಳೆಲ್ಲವೂ ಒಂದೇ ಜಾತಿಯವಲ್ಲ. ಜೀವಕೋಶದ ಹೊರಮೈಯಲ್ಲಿ “ಬೆಳೆ” ಎಂಬ ಆಜ್ಞೆಯನ್ನು ಒಳಕ್ಕೆ ಮುಟ್ಟಿಸುವ ಪ್ರೋಟೀನುಗಳಿವೆ. ಹರ್-೨ ಎಂಬುದು ಅವುಗಳಲ್ಲೊಂದು. ನೂರಕ್ಕೆ ಸುಮಾರು ೧೫ರಿಂದ ೨೦ ಸ್ತನ ಕ್ಯಾನ್ಸರುಗಳಲ್ಲಿ ಇದು ಮಿತಿಮೀರಿ ತುಂಬಿಕೊಂಡಿರುತ್ತದೆ. ಕೋಶಗಳು ಎಡೆಬಿಡದೆ ಇಮ್ಮಡಿಸುತ್ತ ಹೋಗುತ್ತವೆ. ಇಂತಹವರಲ್ಲಿ ರೋಗವು ಬೇಗ ಮರುಕಳಿಸುವುದೆಂದು ಅಮೆರಿಕದ ಡೆನ್ನಿಸ್ ಸ್ಲೇಮನ್ ಮತ್ತು ಅವರ ಸಂಗಡಿಗರು ೧೯೮೭ರಲ್ಲಿ ತೋರಿಸಿದರು. ಈ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯಕ್ಕೆ ಅಲ್ಲಿ ೧೯೯೮ರಲ್ಲಿ ಅನುಮತಿ ದೊರೆಯಿತು. ಅದು ಆಜ್ಞೆಯನ್ನು ತಡೆಯುವುದಲ್ಲದೆ, ದೇಹದ ರಕ್ಷಕ ಕೋಶಗಳಿಗೆ ಶತ್ರುವನ್ನು ಗುರುತು ಮಾಡಿಕೊಡುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಇದಕ್ಕೆ ಸಮನಾದ ಔಷಧವನ್ನು ೨೦೧೪ರಲ್ಲಿ ಮೂಲ ಔಷಧಕ್ಕಿಂತ ಕಡಿಮೆ ಬೆಲೆಗೆ ಭಾರತದ ಮಾರುಕಟ್ಟೆಗೆ ತಂದಿತು.

ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೊಡುವುದೇಕೆ? ಕಳೆಯನ್ನೆಲ್ಲ ಕಿತ್ತ ಹೊಲಕ್ಕೆ ಕಳೆನಾಶಕವನ್ನು ಸಿಂಪಡಿಸಿದರೆ ಅದರ ಗುಣವು ರೈತನಿಗೆ ತಿಳಿಯುವುದು ಹೇಗೆ? ಗಂಟನ್ನು ತೆಗೆದ ಮೇಲೆ ಕೊಟ್ಟ ಔಷಧದ ಸಂಗತಿಯೂ ಹೀಗೆಯೇ. ಗಂಟು ಇರುವಾಗಲೇ ಕೊಟ್ಟರೆ ಅದೇ ಸಾಕ್ಷಿಯಾಗುತ್ತದೆ. ಅದು ಕುಗ್ಗಿದರೆ ಸ್ತನವನ್ನು ಉಳಿಸಿಕೊಳ್ಳುವ ಅವಕಾಶವೂ ಹೆಚ್ಚುತ್ತದೆ. ನಿಯೋಸ್ಫಿಯರ್ ಎಂಬ ಪ್ರಯೋಗದಲ್ಲಿ ಡೋಸಿಟ್ಯಾಕ್ಸೆಲ್ ಎಂಬ ಸಾಮಾನ್ಯ ಕ್ಯಾನ್ಸರ್ ಔಷಧದೊಡನೆ ಟ್ರಾಸ್ಟುಜುಮಾಬ್ ಪಡೆದವರಲ್ಲಿ ನೂರಕ್ಕೆ ೨೯ ಮಂದಿಯ ಸ್ತನದಲ್ಲಿ, ಕೊಯ್ದು ನೋಡಿದಾಗ, ಆಕ್ರಮಣಶೀಲ ಕ್ಯಾನ್ಸರ್ ಉಳಿದಿರಲಿಲ್ಲ. ಪರ್ಟುಜುಮಾಬ್ ಎಂಬ ಇನ್ನೊಂದು ಪ್ರತಿಕಾಯವನ್ನೂ ಸೇರಿಸಿದಾಗ ಈ ಸಂಖ್ಯೆ ಸುಮಾರು ೪೬ಕ್ಕೆ ಏರಿತು.

ಕ್ಯಾನ್ಸರ್ ಉಳಿದಿದ್ದರೂ ಆ ತಿಳಿವಳಿಕೆ ವ್ಯರ್ಥವಲ್ಲ. ಅಂತಹವರಿಗೆ ಟ್ರಾಸ್ಟುಜುಮಾಬಿನ ಬೆನ್ನಿಗೆ ವಿಷವನ್ನು ಕಟ್ಟಿ ಕಳುಹಿಸುವ ಟಿ-ಡಿಎಂ೧ ಎಂಬ ಔಷಧವನ್ನು ಕೊಟ್ಟರೆ, ಟ್ರಾಸ್ಟುಜುಮಾಬನ್ನೇ ಮುಂದುವರಿಸುವುದಕ್ಕಿಂತ ರೋಗ ಮರುಕಳಿಸುವ ಅಥವಾ ಸಾವು ಸಂಭವಿಸುವ ಅಪಾಯವು ಅರ್ಧಕ್ಕೆ ಇಳಿಯುವುದೆಂದು ೨೦೧೮ರಲ್ಲಿ ತಿಳಿದುಬಂದಿತು. ಮೊದಲೇ ಕೊಯ್ದಿದ್ದರೆ ಈ ಬದಲಾವಣೆ ಯಾರಿಗೆ ಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಈ ಕ್ರಮವು ಎಲ್ಲರಿಗೂ ಅಲ್ಲ. ಹರ್-೨ ಹೆಚ್ಚಾಗಿಲ್ಲದಿದ್ದರೆ ಈ ಪ್ರತಿಕಾಯಗಳಿಂದ ಪ್ರಯೋಜನವಿಲ್ಲ. ಗಂಟು ತೀರ ಚಿಕ್ಕದಾಗಿದ್ದರೆ ಸಾಮಾನ್ಯವಾಗಿ ಶಸ್ತ್ರವೇ ಮೊದಲು. ಔಷಧವು ಕೆಲವರಲ್ಲಿ ಹೃದಯದ ಬಲವನ್ನು ತಗ್ಗಿಸುವುದರಿಂದ ಆಗಾಗ ಎಕೋ ಪರೀಕ್ಷೆ ಮಾಡಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯವು ಔಷಧ ಫಲಿಸಿದಾಗಲೇ ಬರುತ್ತದೆ. ಎರಡು ಮೂರು ಸುತ್ತುಗಳಲ್ಲಿ ಗಂಟು ಕೈಗೆ ಸಿಕ್ಕದಂತಾದರೆ “ಗುಣವಾಯಿತು, ಇನ್ನೇಕೆ ಕತ್ತರಿ?” ಎಂದು ಮನೆಯಲ್ಲಿಯೇ ಉಳಿಯುವ ಆಸೆಯಾಗುತ್ತದೆ. ಕೈಗೆ ಸಿಕ್ಕದ್ದು ಸೂಕ್ಷ್ಮದರ್ಶಕಕ್ಕೆ ಸಿಕ್ಕಬಹುದು. ಗಂಟು ಕರಗಿದರೂ ಅದಿದ್ದ ಸ್ಥಳ ತಪ್ಪದಿರಲೆಂದೇ ವೈದ್ಯರು ಅಲ್ಲಿ ಸಣ್ಣ ಲೋಹದ ಗುರುತೊಂದನ್ನು ಮೊದಲೇ ಇರಿಸುವುದುಂಟು.

ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಯು ೧೯೭೩ರಿಂದ ನಾಡಿನ ರೋಗಿಗಳನ್ನು ನೋಡುತ್ತಿದೆ. ದಾಬಸ್‌ಪೇಟೆಯಿಂದ ಅಲ್ಲಿಗೆ ಹೋಗಬೇಕಾದರೆ ಬೆಂಗಳೂರನ್ನೇ ದಾಟಬೇಕು. ಮೂರು ವಾರಕ್ಕೊಮ್ಮೆ ಹೀಗೆ ಹೋಗಿಬರುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಗಂಟು ಮಾಯವಾದ ಸಂತೋಷದಲ್ಲಿ ಊರಿಗೆ ಮರಳಿದ ಆ ತಾಯಿ, ಶಸ್ತ್ರಚಿಕಿತ್ಸೆಗೆ ಗೊತ್ತಾದ ದಿನ ಮತ್ತೆ ಬೆಂಗಳೂರಿನ ಬಸ್ಸನ್ನು ಹತ್ತಲೇಬೇಕು. ಮನೆಯವರು ಜೊತೆಯಲ್ಲಿ ಹೊರಡಬೇಕು.