ಗೂಡಿನ ಗಾಡಿಯ ಮಂಜುದೀಪ: ಹೊಸತು ಬೇಡ, ಹಳತೇ ಸರಿಹೋಯ್ತು

ಮಂಜು ಬಿಡುವವರೆಗೆ ಕಾಯಲು ರೇಷ್ಮೆ ಬೆಳೆಗಾರನಿಗೆ ಪುರುಸೊತ್ತಿಲ್ಲ. ಹುಳು ಗೂಡು ಕಟ್ಟಲು ಸುರುಮಾಡಿದ 5-6ನೇ ದಿನಕ್ಕೆ ಚಂದ್ರಿಕೆಯಿಂದ ಬಿಡಿಸಬೇಕು. ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಮಾಡಿ ಹೊರಬಂತೆಂದರೆ ಆ ಗೂಡಿನಿಂದ ಉದ್ದ ನೂಲು ಬಿಚ್ಚಲು ಬರೋದಿಲ್ಲ. ಹಾಗಾಗಿ ಮಾಗಡಿ ಕಡೆಯವರಿರಲಿ, ಕನಕಪುರ, ಚನ್ನಪಟ್ಟಣದವರಿರಲಿ, ನಸುಕಿಗೇ ಎದ್ದು ರಾಮನಗರದ ಗೂಡಿನ ಮಾರುಕಟ್ಟೆ ದಾರಿ ಹಿಡಿಯೋದು.

ಡಿಸೆಂಬರ್, ಜನವರಿಯಲ್ಲಿ ಅದೇ ಹೊತ್ತಿಗೆ ಮಂಜು. ಆಕಾಶ ತಿಳಿಯಾಗಿ, ಗಾಳಿ ಆಡದ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ. ತಂಪು ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತೆ. ಅಲ್ಲಿ ನೀರಿನ ಪಸೆಯೂ ಇದ್ದರೆ ಮುಗೀತು. ಅರ್ಕಾವತಿ ಪಾತ್ರ, ಕಣ್ವ ಜಲಾಶಯದ ಸುತ್ತಮುತ್ತ, ಮಂಚನಬೆಲೆ ಕಡೆಯ ಇಳಿಜಾರು, ನಮ್ಮೂರ ಕೆರೆ ಏರಿ ಎಲ್ಲಾ ಇಂಥವೇ. ದಿಣ್ಣೆ ಮೇಲೆ ನಕ್ಷತ್ರ ಕಾಣುತ್ತೆ, ತಗ್ಗಿಗಿಳಿದರೆ ಹತ್ತು ಮಾರು ಕಾಣಲ್ಲ.

ನನ್ನದು 2004ರ ಓಮ್ನಿ. ಇದಕ್ಕೆ ಬಾನೆಟ್ಟಿಲ್ಲ, ಡ್ರೈವರನ ಮೊಣಕಾಲೇ ಬಂಪರ್ ಇದ್ದಂತೆ. ಬಂಪರಿನ ಕೆಳಗೆ ಹಿಂದೆ ಹಾಕಿಸಿದ ಎರಡು ದುಂಡು ಮಂಜುದೀಪಗಳಿದ್ದವು. ಒಂದರ ಗಾಜನ್ನು ಟಿಪ್ಪರಿನಿಂದ ಹಾರಿದ ಜಲ್ಲಿ ಒಡೆದಿತ್ತು. ಇನ್ನೊಂದು ಸಗಣಿ ಬುಟ್ಟಿಗೆ ದೀಪ ಹಚ್ಚಿದ ಹಾಗೆ ಮಂಕು. ಎರಡು ವರ್ಷ ಹಾಗೇ ಓಡಿಸಿದೆ. ಹೆಡ್‌ಲೈಟಿನ ಹೈಬೀಮು ಇದೆಯಲ್ಲ ಅನ್ನೋ ಧೈರ್ಯ.

ಒಂದು ಜನವರಿಯ ಬೆಳಗಿನ ಜಾವ ಕೆರೆ ಏರಿ ಮೇಲೆ ಆ ಧೈರ್ಯ ಇಳಿಯಿತು. ಹೈಬೀಮಿನಲ್ಲಿ ಎದುರಿಗೆ ಬರೀ ಬಿಳಿ ಗೋಡೆ. ಡೈರಿಗೆ ಹಾಲು ಹಾಕಲು ಹೊರಟಿದ್ದ ಅಜ್ಜ ಸೈಕಲ್ಲು, ಕ್ಯಾನು ಸಮೇತ ಆ ಗೋಡೆಯೊಳಗಿಂದ ಮೂಡಿಬಂದರು. ಬ್ರೇಕು ಹಿಡಿದೆ. ಅಜ್ಜನಿಗೂ ಬಂಪರಿಗೂ ಎರಡು ಗೇಣು ಉಳಿದಿತ್ತು. ಅವರು ಬೈಯಲಿಲ್ಲ, ಸುಮ್ಮನೆ ನಿಂತು ನೋಡಿದರು. ಬೈದಿದ್ದರೆ ವಾಸಿ ಇತ್ತು. ಹಿಂದಿನ ಚೀಲಗಳು ಸೀಟಿಗೆ ಬಡಿದು ಗೂಡು ಅಮುಕಿ, ಕೋಶ ಒಡೆದು ಪಕ್ಕದ ಗೂಡಿಗೂ ಕಲೆಯಾಯ್ತು. ಆ ಲಾಟಿಗೆ ರೇಟು ಬೀಳದೆ ಇರುತ್ತದೆಯೇ?

ಹೈಬೀಮು ಯಾಕೆ ಕೈಕೊಡುತ್ತೆ ಅಂದರೆ, ಕಣ್ಣಿನ ಮಟ್ಟದಲ್ಲಿರುವ ನೀರಿನ ಕಣಗಳಿಗೆ ಬೆಳಕು ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಮಂಜುದೀಪ ಕೆಳಗಿರುತ್ತೆ. ಬೆಳಕನ್ನು ಬೀಸಣಿಗೆಯಂತೆ ಅಗಲಕ್ಕೆ ಹರಡುತ್ತೆ, ಮೇಲಕ್ಕೆ ಬಿಡುವುದಿಲ್ಲ. ದೂರ ತೋರಿಸುವುದು ಅದರ ಕೆಲಸವಲ್ಲ. ರಸ್ತೆಯ ಅಂಚು, ಅಂಚಿನಲ್ಲಿ ನಡೆಯುವವನ ಕಾಲು ಕಾಣಿಸಬೇಕು, ಅಷ್ಟೆ. ಹಳದಿ ಬೆಳಕು ಮಂಜನ್ನು ತೂರಿ ಹೋಗುತ್ತೆ ಅನ್ನೋದು ನಂಬಿಕೆ. ಮಂಜಿನ ಕಣ ಎಷ್ಟು ದಪ್ಪವೆಂದರೆ ಅದಕ್ಕೆ ಹಳದಿ, ಬಿಳಿ ಎಲ್ಲಾ ಒಂದೇ. ಕಣ್ಣಿಗೆ ಕುಕ್ಕುವುದು ಕಡಿಮೆ ಅನ್ನಿಸಿದರೆ ಹಳದಿ ಹಾಕಿಕೊಳ್ಳಿ.

ಅಂಗಡಿಯಲ್ಲಿ ಎಲ್‌ಇಡಿ ಪಟ್ಟಿ ಹಾಕಿಸಿ ಅಂದರು. ಗೆಳೆಯನ ಗಾಡಿಯಲ್ಲಿ ಅದನ್ನು ನೋಡಿದ್ದೆ. ಬೆಳಕೇನೋ ಜಾತ್ರೆಯಷ್ಟು, ಆದರೆ ಎಲ್ಲಾ ಕಡೆ ಚೆಲ್ಲುತ್ತೆ. ಮಂಜಿನಲ್ಲಿ ಹೈಬೀಮಿನದೇ ಗತಿ, ಎದುರು ಬರುವವನಿಗೆ ಕತ್ತಲೆ. ಬೇಡವೆಂದು ಹಳೆಯದನ್ನೇ ಬಿಚ್ಚಿದೆ.

ಒಡೆದ ಗಾಜಿನ ಬದಲಿಗೆ ಗುಜರಿಯಲ್ಲಿ ಅದೇ ಅಳತೆಯ ಗೆರೆಗಾಜು ಸಿಕ್ಕಿತು. ಗೆರೆಗಳು ಬೆಳಕನ್ನು ಅಗಲ ಮಾಡಲಿಕ್ಕೆ ಇರುವಂಥವು. ಸಾದಾ ಗಾಜು ಕತ್ತರಿಸಿ ಅಂಟಿಸಿದರೆ ಉಪಯೋಗವಿಲ್ಲ. ಒಳಗಿನ ಕನ್ನಡಿಬಟ್ಟಲನ್ನು ಮಾತ್ರ ಬಟ್ಟೆಯಿಂದ ಉಜ್ಜಬೇಡಿ. ಅದರ ಹೊಳಪು ಕೂದಲಿಗಿಂತ ತೆಳುವಾದ ಅಲ್ಯುಮಿನಿಯಂ ಲೇಪ, ಒಂದೇ ಉಜ್ಜಿಗೆ ಎದ್ದುಬರುತ್ತೆ. ನಾನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಸುರಿದು ತೊಳೆದು ನೆರಳಲ್ಲಿ ಒಣಗಿಸಿದೆ. ಲೇಪ ಆಗಲೇ ಸುಲಿದಿದ್ದರೆ ಆ ದೀಪದ ಆಸೆ ಬಿಡಿ. ಬೆಳ್ಳಿ ಬಣ್ಣ ಬಳಿದವರಿದ್ದಾರೆ, ಪ್ರಯೋಜನ ಕಾಣಲಿಲ್ಲ.

ಗಾಜು ಕೂರಿಸಲು ಸಿಲಿಕೋನ್ ಅಂಟು ತರುವಾಗ ಮೂಸಿ ನೋಡಿ. ಹುಳಿ ವಾಸನೆಯದು ಒಣಗುವಾಗ ವಿನೆಗರಿನ ಆಮ್ಲ ಬಿಟ್ಟು ಲೇಪವನ್ನು ತಿನ್ನುತ್ತೆ. ನ್ಯೂಟ್ರಲ್ ಅನ್ನೋದನ್ನೇ ಕೇಳಿ. ದೀಪದ ತಳದಲ್ಲಿ ಸಣ್ಣ ತೂತು ಇರುತ್ತೆ. ನೀರು ಹೋದೀತೆಂದು ಅದನ್ನೂ ಮುಚ್ಚಿದರೆ ಒಳಗಿನ ತೇವ ಹೊರಗೆ ಹೋಗಲಾರದು. ನನ್ನ ಎರಡನೇ ದೀಪ ಹಾಳಾಗಿದ್ದು ಹಾಗೇ, ಮುಚ್ಚಿದವನು ನಾನೇ. ಹ್ಯಾಲೋಜನ್ ಬಲ್ಬಿನ ಗಾಜನ್ನು ಬೆರಳಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತೆ.

ಮಂಕಿನ ನಿಜವಾದ ಕಾರಣ ಸಿಕ್ಕಿದ್ದು ವೈರಿಂಗಿನಲ್ಲಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ದೀಪದ ಬುಡದಲ್ಲಿ 11.5. ಇಷ್ಟೇ ತಾನೆ ಅನ್ನಿಸುತ್ತೆ. ಆದರೆ ಹ್ಯಾಲೋಜನ್ನಿನಲ್ಲಿ ವೋಲ್ಟೇಜು ಹತ್ತನೇ ಒಂದು ಪಾಲು ಇಳಿದರೆ ಬೆಳಕು ಮೂರನೇ ಒಂದು ಪಾಲಿನ ಹತ್ತಿರ ಇಳಿಯುತ್ತೆ. ನನ್ನ ದೀಪ ಅರ್ಧಂಬರ್ಧ ಬೆಳಕಲ್ಲಿ ಉರಿಯುತ್ತಿತ್ತು. 55 ವ್ಯಾಟಿನ ಎರಡು ಬಲ್ಬು ಸೇರಿ ಒಂಬತ್ತು ಆಂಪಿಯರು ಎಳೆಯುತ್ತವೆ. ಅಷ್ಟೂ ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ, ತೆಳು ವೈರಿನಲ್ಲಿ ಹೋಗುತ್ತಿತ್ತು. ಅರ್ತಿಂಗ್ ಬೋಲ್ಟಿಗೋ ತುಕ್ಕು.

ನಾಲ್ಕು ಕಾಲಿನ ರಿಲೇ ಹಾಕಿದೆ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸು ದಾಟಿ ದಪ್ಪ ವೈರು 30ನೇ ಕಾಲಿಗೆ, 87ರಿಂದ ದೀಪಗಳಿಗೆ. ಸ್ವಿಚ್ಚಿನ ವೈರು 86ಕ್ಕೆ, 85 ಅರ್ತಿಗೆ. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಲಿ. ದೂರವಿದ್ದರೆ ನಡುವೆ ವೈರು ಉಜ್ಜಿ ಬೆಂಕಿ ಹತ್ತಿದಾಗ ಅದು ಸುಮ್ಮನೆ ಕೂತಿರುತ್ತೆ. ಸ್ವಿಚ್ಚಿಗೆ ಕರೆಂಟನ್ನು ಪಾರ್ಕಿಂಗ್ ದೀಪದಿಂದ ತೆಗೆದುಕೊಂಡೆ. ಎಲ್ಲಾ ದೀಪ ಆರಿಸಿದಾಗ ಇದೂ ಆರುತ್ತೆ. ಅರ್ತಿಂಗ್ ಜಾಗವನ್ನು ಕಬ್ಬಿಣ ಹೊಳೆಯುವ ಹಾಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು. ಈಗ ದೀಪದ ಬುಡದಲ್ಲಿ 13.4 ಬರುತ್ತಿದೆ.

ಇಷ್ಟಾದರೂ ಮೊದಲ ಸಲ ಗೂಡು ಹೇರಿ ಹೊರಟಾಗ ಮತ್ತೆ ಬಿಳಿ ಗೋಡೆ! ತಲೆ ಕೆಟ್ಟುಹೋಯ್ತು. ನಿಲ್ಲಿಸಿ ಇಳಿದು ನೋಡಿದರೆ ಗಾಡಿಯ ಹಿಂಭಾಗ ಕುಸಿದು ಮೂತಿ ಎತ್ತಿದೆ. ಖಾಲಿ ಗಾಡಿಯಲ್ಲಿ ದೀಪ ಕೂರಿಸಿದ್ದೆ. ಮಾರನೆಯ ದಿನ ಹಿಂದೆ ಎರಡು ಗೊಬ್ಬರದ ಮೂಟೆ ಹಾಕಿ, ಸಂಜೆ ಕಣದಲ್ಲಿ ಗೋಡೆಗೆ ಎದುರಾಗಿ 25 ಅಡಿ ದೂರ ನಿಲ್ಲಿಸಿದೆ. ನೆಲದಿಂದ ದೀಪದ ನಡುವಿಗಿರುವ ಎತ್ತರವನ್ನೇ ಗೋಡೆಯ ಮೇಲೆ ಗುರುತಿಸಿ, ಅದಕ್ಕಿಂತ 4 ಇಂಚು ಕೆಳಗೆ ಸೀಮೆಸುಣ್ಣದ ಗೆರೆ. ಬೆಳಕಿನ ಮೇಲಂಚು ಆ ಗೆರೆ ಮುಟ್ಟುವಂತೆ ಬಗ್ಗಿಸಿ ಬೋಲ್ಟು ಬಿಗಿದೆ. ಬೋಲ್ಟಿಗೆ ನೈಲಾನ್ ನಟ್ಟು ಇರಲಿ, ನಮ್ಮ ರಸ್ತೆಗೆ ಬೇರೇದು ನಿಲ್ಲೋದಿಲ್ಲ.

ರಿಲೇ, ವೈರು, ಫ್ಯೂಸು, ಎರಡು ಬಲ್ಬು, ಅಂಟು, ಗುಜರಿ ಗಾಜು ಎಲ್ಲಾ ಸೇರಿ 780 ರೂ. ಆಯ್ತು. ಒಂದೂವರೆ ದಿನದ ಕೆಲಸ.

ದೀಪ ಸರಿಯಾಯ್ತೆಂದು ವೇಗ ಹೆಚ್ಚಿಸಿಲ್ಲ. ಗಂಟೆಗೆ 40 ಕಿ.ಮೀ.ನಲ್ಲಿ ಕಣ್ಣು ಕಂಡು ಗಾಡಿ ನಿಲ್ಲಲು ಒಣ ರಸ್ತೆಯಲ್ಲೇ 20 ಮೀಟರು ಬೇಕು, 60ರಲ್ಲಿ 37ರ ಸುಮಾರು. 2023ರ ಆಗಸ್ಟಿನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕು, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅವೆಲ್ಲ ಪಕ್ಕದ ರಸ್ತೆಯಲ್ಲೇ ಇವೆ, ಟ್ರೇಲರಿನ ಹಿಂದೆ ಕೆಂಪು ದೀಪ ಇರುವುದು ಅಪರೂಪ. ಕೆರೆ ಏರಿ ಮೇಲೆ ಈಗ 25ರಲ್ಲಿ ಹೋಗ್ತೀನಿ. ಅಜ್ಜನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೆ ಅಂಟಿಸಲು ಒಂದು ಗೇಣು ಕೆಂಪು ಹೊಳೆಯುವ ಪಟ್ಟಿ ಕೊಟ್ಟೆ. ದೀಪ ಹಾಕಿದೊಡನೆ ಮೊದಲು ಕಾಣುವುದು ಅದೇ.