ಮಲಗಿದರೆ ಉಸಿರು ಸಾಲದು: ವಪೆ ಸೋತವರ ಉಪನಗರ ಬದುಕು

ಕೂತು ಮಾತನಾಡುವಾಗ ಏನೂ ಇಲ್ಲ, ಹಾಸಿಗೆಗೆ ಬೆನ್ನು ತಾಗಿಸಿದರೆ ಮಾತ್ರ ಉಸಿರು ಕಟ್ಟುತ್ತದೆ. ಶೂ ಲೇಸು ಕಟ್ಟಲು ಬಗ್ಗಿದರೂ ಅದೇ ಪಾಡು. ಇದನ್ನು ಮನೆಯವರು ಗ್ಯಾಸ್ ಎನ್ನುತ್ತಾರೆ, ನೆರೆಯವರು ದಮ್ಮು ಎನ್ನುತ್ತಾರೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ, ಅಂದರೆ ಡಯಾಫ್ರಂ ಎಂಬ ಸ್ನಾಯುವಿಗೆ ಲಕ್ವಾ ಹೊಡೆದಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಉಸಿರೆಳೆಯುವ ಕೆಲಸದ ಬಹುಪಾಲು ಈ ಸ್ನಾಯುವಿನದೇ. ಅದನ್ನು ನಡೆಸುವ ಫ್ರೆನಿಕ್ ನರ ಕುತ್ತಿಗೆಯಲ್ಲಿ ಹುಟ್ಟಿ ಹೃದಯದ ಪಕ್ಕದಲ್ಲೇ ಇಳಿದುಬರುತ್ತದೆ. ಹೀಗಾಗಿ ಬೈಪಾಸ್‌ನಂತಹ ಶಸ್ತ್ರಚಿಕಿತ್ಸೆ, ಕುತ್ತಿಗೆಯ ಪೆಟ್ಟು, ಎದೆಯೊಳಗಿನ ಗಡ್ಡೆ, ಸರ್ಪಸುತ್ತು, ಕೆಲವು ನರರೋಗಗಳು ಅದಕ್ಕೆ ಹಾನಿ ಮಾಡಬಲ್ಲವು. ಎಷ್ಟೋ ಸಲ ಕಾರಣ ಪತ್ತೆಯಾಗುವುದೇ ಇಲ್ಲ. ಒಂದೇ ಬದಿ ಸೋತರೆ ಹಲವರಿಗೆ ಗೊತ್ತೂ ಆಗದು. ಬೇರಾವುದಕ್ಕೋ ತೆಗೆದ ಎಕ್ಸ್‌ರೇಯಲ್ಲಿ ವಪೆಯ ಒಂದು ಬದಿ ಮೇಲೇರಿ ಕೂತಿರುವುದು ಕಾಣುತ್ತದೆ. ಎರಡೂ ಬದಿ ಸೋತವರಿಗೆ ರಾತ್ರಿಯೇ ವೈರಿ. ನಿದ್ದೆಗೆಟ್ಟು, ಬೆಳಿಗ್ಗೆ ತಲೆನೋವಿನೊಂದಿಗೆ ಏಳುತ್ತಾರೆ.

ಕಲ್ಯಾಣ್, ಡೊಂಬಿವಲಿಯಿಂದ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯುವವರ ಕಷ್ಟ ಬೇರೆಯೇ. ವಪೆ ಕೈಕೊಟ್ಟಾಗ ಪಕ್ಕೆಲುಬು, ಕುತ್ತಿಗೆಯ ಸ್ನಾಯುಗಳೇ ದುಡಿಯಬೇಕು. ಥಾಣೆಯವರೆಗೆ ನಾಲ್ಕೂ ಕಡೆಯಿಂದ ಒತ್ತಿಸಿಕೊಂಡು ನಿಂತವರಿಗೆ ಎದೆ ಅರಳಿಸಲು ಜಾಗವೆಲ್ಲಿ? ಎಂಐಡಿಸಿಯ ಹೊಗೆ ಈ ಕಾಯಿಲೆಗೆ ಕಾರಣವಲ್ಲ. ಆದರೆ ಕೆಮ್ಮಿ ಕಫ ಹೊರಹಾಕುವ ಬಲ ಕುಗ್ಗಿದವರಿಗೆ ಸಣ್ಣ ಶೀತವೂ ನ್ಯುಮೋನಿಯಾಕ್ಕೆ ತಿರುಗಬಹುದು.

ಪತ್ತೆ ಕಷ್ಟವೇನಲ್ಲ, ಶಂಕೆ ಬರಬೇಕಷ್ಟೆ. ಉಸಿರೆಳೆದಾಗ ಹೊಟ್ಟೆ ಉಬ್ಬುವ ಬದಲು ಒಳಗೆ ಹೋಗುವುದು ಒಂದು ಸುಳಿವು. ಮೂಗಿನಿಂದ ಥಟ್ಟನೆ ಉಸಿರೆಳೆಯಲು ಹೇಳಿ, ವಪೆಯ ಚಲನೆಯನ್ನು ಎಕ್ಸ್‌ರೇ ಪರದೆಯಲ್ಲೋ ಸೋನೋಗ್ರಫಿಯಲ್ಲೋ ನೋಡುತ್ತಾರೆ. ಊದುವ ಪರೀಕ್ಷೆಯನ್ನು ಕೂತು ಒಮ್ಮೆ, ಮಲಗಿ ಒಮ್ಮೆ ಮಾಡಿಸಬೇಕು. ಮಲಗಿದಾಗ ಪ್ರಮಾಣ ಶೇ. 30ಕ್ಕಿಂತ ಹೆಚ್ಚು ಕುಸಿದರೆ ಎರಡೂ ಬದಿ ಸೋತಿರುವ ಅನುಮಾನ ಬಲವಾಗುತ್ತದೆ. ಸಂಘಗಳ ವೈದ್ಯಕೀಯ ಶಿಬಿರಗಳಲ್ಲಿ ಬಿಪಿ, ಶುಗರ್, ಇಸಿಜಿ ನೋಡುವವರು 'ಮಲಗಿದರೆ ಉಸಿರಿಗೆ ತೊಂದರೆಯೇ?' ಎಂದೂ ಕೇಳಬಹುದು. ಹೌದೆಂದರೆ ಮೊದಲು ಹೃದಯದ ತಪಾಸಣೆ, ಅದು ಸರಿಯಿದ್ದರೆ ವಪೆಯದು.

ನರ ನಿಧಾನವಾಗಿ ಚಿಗುರುತ್ತದೆ. ಕೆಲವರು ತಿಂಗಳುಗಳಲ್ಲಿ, ಕೆಲವರು ವರ್ಷ ಕಳೆದ ಮೇಲೆ ಚೇತರಿಸಿಕೊಳ್ಳುತ್ತಾರೆ. ಒಂದು ಬದಿ ಸೋತು ತುಂಬಾ ತೊಂದರೆಯಾದರೆ ಸಡಿಲಗೊಂಡ ವಪೆಯನ್ನು ಮಡಿಚಿ ಹೊಲಿಯುವ ಶಸ್ತ್ರಚಿಕಿತ್ಸೆಯಿದೆ. 'ಸೂಪರ್‌ಮ್ಯಾನ್' ನಟ ಕ್ರಿಸ್ಟೋಫರ್ ರೀವ್ ಅವರಿಗೆ 2003ರಲ್ಲಿ ವಪೆಗೆ ವಿದ್ಯುತ್ ಪ್ರಚೋದನೆ ನೀಡುವ ಸಾಧನ ಅಳವಡಿಸಲಾಗಿತ್ತು. ನರ ಜೀವಂತವಿದ್ದರೆ ಮಾತ್ರ ಅದರಿಂದ ಪ್ರಯೋಜನ. ಹೆಚ್ಚಿನವರಿಗೆ ಆಸರೆಯಾಗುವುದು ರಾತ್ರಿ ಮುಖವಾಡದ ಮೂಲಕ ಗಾಳಿ ಒತ್ತುವ ಬೈಪ್ಯಾಪ್ ಯಂತ್ರ.

ಇಲ್ಲಿ ಒಂದು ಅಪಾಯವಿದೆ. 2020-21ರ ಕೋವಿಡ್ ದಿನಗಳಿಂದ ಆಕ್ಸಿಜನ್ ಕಾನ್ಸಂಟ್ರೇಟರ್ ಎಲ್ಲರಿಗೂ ಪರಿಚಿತ. ಉಸಿರಾಟಕ್ಕೆ ಕಷ್ಟವೆಂದೊಡನೆ ಅದನ್ನೇ ತಂದಿಡುವವರುಂಟು. ಸ್ನಾಯು ಸೋತವರಲ್ಲಿ ಕೊರತೆ ಗಾಳಿಯನ್ನು ಒಳಹೊರಗೆ ಮಾಡುವ ಬಲದ್ದು. ಬರೀ ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರಬಹುದು. ವೈದ್ಯರ ಸಲಹೆಯಿಲ್ಲದೆ ಸಲ್ಲದು.

ಬೈಪ್ಯಾಪ್ ಇರುವ ಮನೆಗೆ ಇನ್ವರ್ಟರ್ ಬೇಕೇ ಬೇಕು, ಮಳೆಗಾಲದಲ್ಲಂತೂ. ಊರಿನ ಜಾತ್ರೆ, ಮದುವೆಗೆ ಥಾಣೆಯಲ್ಲೋ ಪನ್ವೇಲ್‌ನಲ್ಲೋ ಮತ್ಸ್ಯಗಂಧಾ ಹತ್ತುವವರು ಬೋಗಿಯ ಮೊಬೈಲ್ ಪ್ಲಗ್ ನಂಬದೆ ಯಂತ್ರಕ್ಕೆ ಹೊಂದುವ ಬ್ಯಾಟರಿ ಒಯ್ಯಬೇಕು, ಒರಗಿ ಕೂರಲು ಎರಡು ದಿಂಬುಗಳನ್ನೂ. ಊರಿನ ಹೊಳೆಯಲ್ಲಿ ಎದೆಮಟ್ಟ ಇಳಿದು ಮುಳುಗು ಹಾಕುವ ಆಸೆಯನ್ನು ಮಾತ್ರ ಬಿಡಬೇಕಾಗುತ್ತದೆ. ನೀರಿನ ಒತ್ತಡಕ್ಕೆ ಸೋತ ವಪೆ ಮತ್ತಷ್ಟು ಮೇಲೇರುತ್ತದೆ.