ಪ್ರವಾಸಿಗರು ಬಂದರೆ ಸಾಕೇ? ಹಂಪಿ ಕಲಿಸುವ ಪಾಠ



ಊರಿಗೆ ಪ್ರವಾಸಿಗರು ಬಂದರೆ ಎಳನೀರು, ಹೂವು, ಊಟ ಮಾರುವ ನಮಗೂ ನಾಲ್ಕು ಕಾಸು ಸಿಗುತ್ತೆ. ಆದರೆ ಮನೆ, ಅಂಗಡಿ, ರಸ್ತೆ, ನೀರು, ಶೌಚಾಲಯ ಎಲ್ಲೆಲ್ಲಿ ಇರಬೇಕು ಅಂತ ಮೊದಲೇ ಯೋಜನೆ ಆಗಬೇಕು.

ಹಂಪಿಯನ್ನೇ ನೋಡಿ. 1986ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಹೋಟೆಲು, ಅಂಗಡಿಗಳು ತುಂಬಿಕೊಂಡವು. 2011ರ ಜುಲೈನಲ್ಲಿ ಅವನ್ನು ತೆರವು ಮಾಡಿದರು. ನೂರಾರು ಕುಟುಂಬಗಳು ಸೂರನ್ನೂ ಸಂಪಾದನೆಯನ್ನೂ ಕಳೆದುಕೊಂಡವು. ಸ್ಮಾರಕ ಉಳಿಯಬೇಕು, ನಿಜ. ಅದನ್ನೇ ನಂಬಿ ಬದುಕುವ ಬಡವರಿಗೂ ಯೋಜನೆಯಲ್ಲಿ ಜಾಗ ಬೇಕಲ್ಲವೇ?

ನದಿಯಾಚೆ ಆನೆಗುಂದಿಯಲ್ಲಿ ಹೆಂಗಸರು ಬಾಳೆನಾರಿನಿಂದ ಚೀಲ, ಬುಟ್ಟಿ ಮಾಡಿ ಮಾರುತ್ತಾರೆ. ಊರಿನ ಹಳೇ ಮನೆಗಳಲ್ಲೂ ಪ್ರವಾಸಿಗರು ತಂಗುತ್ತಾರೆ. ಊರೂ ಉಳಿಯುತ್ತೆ, ದುಡ್ಡೂ ಊರಲ್ಲೇ ಉಳಿಯುತ್ತೆ. ಸುಸ್ಥಿರ ಪ್ರವಾಸೋದ್ಯಮ ಅಂದರೆ ಇದೇ.

ನಾವೇನು ಮಾಡಬಹುದು? ಪಟ್ಟಣದ ಮಾಸ್ಟರ್ ಪ್ಲಾನ್ ಪ್ರಕಟವಾದಾಗ ಕೇಳಿ ತಿಳಿದುಕೊಳ್ಳಿ, ಸಂಘದ ಹೆಸರಿನಲ್ಲೇ ಲಿಖಿತ ಆಕ್ಷೇಪಣೆ, ಸಲಹೆ ಕೊಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯ ವ್ಯಾಪಾರಿ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ? ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ.